ಮಣ್ಣು ಕೊಟ್ಟ ಎಲುಬು

ಜವಳಗೇರಾದಲ್ಲಿ ನಮ್ಮ ಪಕ್ಕದ ಮನೆಯ ಕಾಕಿ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಕಾಲಿನ ಹೆಬ್ಬೆರಳ ಬುಡದಲ್ಲಿ ಬೆಳೆದ ಗಂಟು ತೆಗೆಸಿ, ಸೊಟ್ಟ ಬೆರಳನ್ನು ನೆಟ್ಟಗೆ ಮಾಡಿಸಿಕೊಂಡಿದ್ದಳು. ಕೊಯ್ದ ಎಲುಬು ಮಾತ್ರ ಕೂಡಲಿಲ್ಲ. ಹೆಜ್ಜೆ ಇಟ್ಟಾಗೆಲ್ಲ ಒಳಗೆ ‘ಕಟಕ್’ ಎನ್ನುತ್ತಿತ್ತು. ಹೇಗಿದೆ ಎಂದು ಕೇಳಿದರೆ ಬೆರಳಿನತ್ತ ತಲೆ ಬಾಗಿಸಿ, ಅದರ ಮಾತು ಕೇಳಿಸಿಕೊಂಡವಳಂತೆ, “ಇನ್ನಾ ಕೂಡಿಲ್ಲವ್ವಾ” ಎನ್ನುತ್ತಿದ್ದಳು.

ಸಿಂಧನೂರಿನಲ್ಲಿ ಮತ್ತೆ ಆಪರೇಷನ್ ಆಯಿತು. ಸತ್ತ ಎಲುಬನ್ನು ಕೆರೆದು ತೆಗೆದು, ಸೊಂಟದ ಎಲುಬಿನ ಚೂರು ತುಂಬಿ, ಪ್ಲೇಟು ಬಿಗಿದರು. ಎಚ್ಚರವಾದ ಕೂಡಲೇ ಕಾಕಿ ಡಾಕ್ಟರ ಮುಂದೆ ಕೈಚಾಚಿದಳು.

“ತೆಗದದ್ದು ನನಗ ಕೊಡ್ರಿ ಸಾಹೇಬ್ರ. ನೀವು ಸುಟ್ಟುಬಿಡ್ತೀರಿ. ನಮ್ಮಾಗ ಸುಡಂಗಿಲ್ಲ, ಮಣ್ಣು ಕೊಡ್ತೀವಿ.”

ಡಾಕ್ಟರು ಚಿಕ್ಕ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಹೊಲದಲ್ಲಿ ಗಂಡನ ಸಮಾಧಿಯ ಪಕ್ಕ, ತನಗೆಂದು ಬಿಟ್ಟ ಜಾಗದಲ್ಲಿ, ಅದಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರಿ ಇಟ್ಟು ಹೂಳಿಸಿದಳು.

ಎಕ್ಸ್‌ರೇ ನೋಡಿದ ಡಾಕ್ಟರು ಎಲುಬು ಕೂಡಿದೆ ಎಂದರು. ಆಮೇಲೆ ಕಾಕಿ ಸದ್ದಿಲ್ಲದೆ ನಡೆಯತೊಡಗಿದಳು. ಬೆನ್ನ ಹಿಂದೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಜೊತೆ ಆ ಹೊಲಕ್ಕೆ ಹೋಗಿದ್ದೆ. ಗಾಳಿ ಆಡುತ್ತಿರಲಿಲ್ಲ. ಸಮಾಧಿಯ ಹತ್ತಿರ ಇಬ್ಬರೂ ಕಾಲು ಚಾಚಿ ಸುಮ್ಮನೆ ಕೂತಿದ್ದೆವು. ಆಗ ನೆಲದೊಳಗಿಂದ ಕೇಳಿಸಿತು: ಕಟಕ್. ಸ್ವಲ್ಪ ತಡೆದು ಇನ್ನೊಮ್ಮೆ, ಯಾರೋ ಹೆಜ್ಜೆ ಹಾಕಿದ ಹಾಗೆ.

ಕಾಕಿ ಮಣ್ಣಿನತ್ತ ತಲೆ ಬಾಗಿಸಿದಳು.

“ಇನ್ನಾ ಕೂಡಿಲ್ಲವ್ವಾ” ಎಂದು ನನಗೆ ಹೇಳಿ, ಕೂಸನ್ನು ಮಲಗಿಸುವಂತೆ ಮಣ್ಣನ್ನು ಮೆಲ್ಲಗೆ ತಟ್ಟಿದಳು.

“ಗಡಿಬಿಡಿ ಮಾಡಬ್ಯಾಡ. ಬರ್ತೀನಿ.”