ಚಕ್ರದ ಬೆಂಡು ತೆಗೆಯುವವನ ಬಲಗೈ

ಸೈಕಲ್ ರಿಪೇರಿಯವನನ್ನು ಬೀದಿಯವರೆಲ್ಲ ‘ರೇಡಿಯೊ’ ಎಂದೇ ಕರೆಯುತ್ತಿದ್ದರು. ಕೈ ಚಕ್ರದ ಬೆಂಡು ತೆಗೆಯುತ್ತಿದ್ದರೆ ಬಾಯಿ ಊರಿನ ಬೆಂಡು ತೆಗೆಯುತ್ತಿತ್ತು. ಏಣಿಯಿಂದ ಬಿದ್ದು ಬಲತೋಳು ಮುರಿದಾಗ ಡಾಕ್ಟರು ಪ್ಲಾಸ್ಟರ್ ಹಾಕಿ, ತೋಳನ್ನು ಎದೆಗೆ ಕಟ್ಟಿ ಕಳಿಸಿದರು. ಅಂಗಡಿ ಮುಚ್ಚುವುದು ಬೇಡ, ತಾನು ಹೇಳಿಕೊಟ್ಟರೆ ಹೆಂಡತಿ ಮಾಡುತ್ತಾಳೆ ಎಂದು ಅವನೇ ತೀರ್ಮಾನಿಸಿದ.

ಮೊದಲ ಚಕ್ರಕ್ಕೇ ತೊಡಕು ಬಂತು. ಹೆಂಡತಿ ಸ್ಪೋಕ್ ತಿರುಗಿಸುವ ಕೀ ಹಿಡಿದು ಕಾದಳು.

“ಆ ಸ್ಪೋಕನ್ನ... ಅದೇ, ಸ್ವಲ್ಪ... ಹೀಗೆ...”

“ಹೀಗೆ ಅಂದ್ರೆ ಹೇಗ್ರೀ?”

ಪ್ಲಾಸ್ಟರಿನೊಳಗೆ ತೋಳು ಅಲುಗಿತು, ಮಾತು ಹೊರಡಲಿಲ್ಲ. ಭಾವಮೈದುನನ ಜಿಪುಣತನದ ಬಗ್ಗೆ ಎಂದಿನಂತೆ ಎಡೆಬಿಡದೆ ಹೇಳುತ್ತಿದ್ದವನು ಬಿಗಿಯುವ, ಸಡಿಲಿಸುವ ವಿಷಯ ಬಂದಾಗ ಮಾತ್ರ ತಡವರಿಸುತ್ತಿದ್ದ.

“ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರೆ. ನಿಮ್ದು ಮಾತೇ ಕೈಯಲ್ಲಿ ಉಳ್ಕೊಂಡಿದ್ಯಲ್ಲ!” ಎಂದು ಹೆಂಡತಿ ನಕ್ಕಳು.

ಅವನು ನಗಲಿಲ್ಲ. ಬಡಗಿಯಾಗಿದ್ದ ಅವನ ಅಪ್ಪನಿಗೆ ಕೊನೆಗಾಲದಲ್ಲಿ ಒಂದೊಂದೇ ಮಾತು ತಪ್ಪಿಹೋಗಿ, ಕಡೆಗೆ ಮಗನನ್ನು ಕರೆಯಲೂ ಮಾತು ಉಳಿದಿರಲಿಲ್ಲ. ತನಗೂ ಅದೇ ಶುರುವಾಯಿತೇ?

ಡಾಕ್ಟರು ತಲೆಯ ಸ್ಕ್ಯಾನ್ ನೋಡಿ ಏನೂ ಇಲ್ಲ ಎಂದರು. “ಕೈ ಆಡಿಸೋ ಮಿದುಳಿನ ಭಾಗ ಕೈಕೆಲಸದ ಮಾತಿಗೂ ಸ್ವಲ್ಪ ಬೇಕಾಗತ್ತೆ ಅಂತಾರೆ. ಕೈ ಆಡದೇ ಇರೋದ್ರಿಂದ ಹೀಗಾಗಿರಬಹುದು. ಖಂಡಿತ ಅಂತ ಹೇಳಲಾರೆ.”

“ಹಾಗಾದ್ರೆ ಡಾಕ್ಟ್ರೇ, ನನ್ನ ಮಾತು ಇರೋದು ತಲೇಲೋ ತೋಳಲ್ಲೋ?”

ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಅಂಗಡಿಗೆ ಬಂದ ಮೇಲೆ ಹೆಂಡತಿ ಇನ್ನೊಂದು ಕೀಯನ್ನು ಅವನ ಎಡಗೈಗೆ ತುರುಕಿದಳು. ಗಾಳಿಯಲ್ಲಿ ತಿರುವುತ್ತಿದ್ದಂತೆ ಮಾತು ಬಂತು: “ಬಲಗಡೇದು ಬಿಗಿ! ಇನ್ನೂ ಅರ್ಧ ಸುತ್ತು!” ಅವಳು ಬಿಗಿದಳು. ಚಕ್ರ ನೆಟ್ಟಗಾಗುವ ಬದಲು ಇಂಗ್ಲಿಷಿನ ಎಂಟರಂತೆ ತಿರುಚಿಕೊಂಡಿತು.

“ಬಲ ಅಂದ್ರಲ್ರೀ!”

“ಕೀ ಹಿಡಿದ ಕೈ ಕಡೆ ಅಂದೆ ಕಣೇ!”

“ಹಿಡಿದಿರೋದು ಎಡಗೈಲಿ ಮಾರಾಯ್ರೇ!”

ಅವನು ಎರಡು ಕೈಗಳನ್ನೂ ಪರಕೀಯರನ್ನು ನೋಡುವಂತೆ ನೋಡಿದ.

ಪ್ಲಾಸ್ಟರ್ ಬಿಚ್ಚಿದಾಗ ತೋಳು ಕಡ್ಡಿಯಾಗಿತ್ತು. ಕೀ ಹಿಡಿಯುವ ಶಕ್ತಿಯೂ ಅದಕ್ಕಿರಲಿಲ್ಲ. ಆದರೂ ಚಕ್ರದ ಮುಂದೆ ಕೂತದ್ದೇ ತಡ, “ಅದನ್ನ ಸಡ್ಲ ಮಾಡು, ಪಕ್ಕದ್ದು ಬಿಗಿ” ಎಂದು ಬಾಯಿ ತಾನೇ ಹೇಳಿತು. ಚಕ್ರ ನೆಟ್ಟಗೆ ತಿರುಗಿತು. ಕೈ ಇನ್ನೂ ಏಳುವುದಿಲ್ಲ, ಮಾತು ಹೇಗೆ ಎದ್ದಿತು? ಡಾಕ್ಟರ ಲೆಕ್ಕಕ್ಕೂ ಇದು ಹೊಂದಲಿಲ್ಲ.

ಹೆಂಡತಿಗೆ ಅದರ ಗೊಡವೆ ಇರಲಿಲ್ಲ. “ಬಂತಲ್ಲ, ಬಿಡಿ” ಎಂದಳು.

“ಅಲ್ಲ ಕಣೇ, ವಯಸ್ಸಾಯ್ತು, ಕೈ ಕೊಯ್ಕೋತಾರೆ ಅಂತ ಅಪ್ಪನ ಕೈಯಿಂದ ಉಳಿ ಕಿತ್ತಿಟ್ವಲ್ಲ, ಅದು ಅವ್ರ ಮಾತು ಹೋಗೋಕೆ ಮೊದಲೋ ಆಮೇಲೋ?”

“ನಂಗೆ ಹೇಗ್ರೀ ಗೊತ್ತು? ನಾನಿನ್ನೂ ಈ ಮನೆಗೆ ಬಂದಿರ್ಲಿಲ್ಲ” ಎಂದು ಅವಳು ಮುಂದಿನ ಚಕ್ರ ಎಳೆದುಕೊಂಡಳು.