ಸದ್ದಿಲ್ಲದ ರಿಕ್ಷಾದಲ್ಲಿ ಬೂತಾಯಿ

ನನಗೆ ಆಗ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನಾನು ಮೀನು ಮಾರುವವಳು. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ, ಅಷ್ಟು ಸಾಕು.

ಶಿರಿಯದ ಕಡಲ ಬದಿಯಲ್ಲಿ ಬೂತಾಯಿ ಮೀನು ಕೊಂಡು, ರಿಕ್ಷಾದಲ್ಲಿ ಎಣ್ಮಕಜೆಯ ಗುಡ್ಡದ ಮನೆಗಳಿಗೆ ಒಯ್ಯುತ್ತಿದ್ದೆ. ರಿಕ್ಷಾ ನೆರೆಮನೆಯ ಬ್ಯಾರಿಯದ್ದು, ಓಡಿಸುವುದೂ ಅವನೇ. ಹಳೆಯ ಡೀಸೆಲ್ ಗಾಡಿ. ಅದರ ಬಡಬಡ ಸದ್ದು ಎರಡು ತಿರುವಿನಾಚೆಗೇ ಕೇಳುತ್ತಿತ್ತು. ನಾವು ತಲುಪುವಾಗ ಹೆಂಗಸರು ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದರು. ನಾನು ಬಾಯಿ ತೆರೆಯುವ ಕೆಲಸವೇ ಇರಲಿಲ್ಲ.

ಆ ಮಳೆಗಾಲ ಕಳೆದ ಮೇಲೆ ಅವನು ಅದನ್ನು ಕೊಟ್ಟು ಕರೆಂಟಿನ ರಿಕ್ಷಾ ತಂದ. ಮೊದಲ ದಿನ ದಾರಿಯಿಡೀ ಅದೇ ಮಾತು.

“ಅಕ್ಕ, ಇನ್ನು ಎಲ್ಲ ಕಂಪೆನಿಯವರೂ ಬ್ಯಾಟರಿಗೇ ಹಣ ಹಾಕುದು. ಅದಕ್ಕೆ ಬೇರೆಯೇ ಕಾರ್ಖಾನೆ ಕಟ್ತಾರಂತೆ. ಹೊಗೆ ಇಲ್ಲ, ಸದ್ದಿಲ್ಲ. ಹೇಗುಂಟು?”

“ಕುಂಡೆಗೆ ಸುಖ ಉಂಟು,” ಎಂದೆ.

ಮೊದಲ ಮನೆಯ ಮುಂದೆ ಯಾರೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮನೆಗಳೆಲ್ಲ ರಸ್ತೆಯಿಂದ ಕೆಳಗೆ, ಮರಗಳ ಮರೆಯಲ್ಲಿ. ಸದ್ದು ಕೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಅವನು ಹಾರ್ನ್ ಒತ್ತಿದ. ಒಬ್ಬಳು ಗ್ಯಾಸಿನ ಗಾಡಿ ಬಂತೆಂದು ಖಾಲಿ ಸಿಲಿಂಡರ್ ಎಳೆದುಕೊಂಡು ಬಂದಳು. ಮೀನು ಕಂಡು ನನಗೇ ಬೈದಳು.

ಗುಡ್ಡದ ತುದಿಗೆ ಬಂದಾಗ ಎರಡು ಬುಟ್ಟಿಯಲ್ಲಿ ಒಂದೂವರೆ ಹಾಗೇ ಇತ್ತು. ಐಸ್ ಕರಗಿ ಸುರಿಯುತ್ತಿತ್ತು. ಮಧ್ಯಾಹ್ನದೊಳಗೆ ಮಾರಿ ಹೋಗದಿದ್ದರೆ ಬೂತಾಯಿಯ ಹೊಟ್ಟೆ ಒಡೆಯುತ್ತದೆ. ಮತ್ತೆ ತೆಂಗಿನ ಬುಡಕ್ಕೆ ಗೊಬ್ಬರವೇ.

“ಅಷ್ಟು ಹಣ ಹಾಕಿದವರಿಗೆ ಒಂದು ಸದ್ದು ಹಾಕ್ಲಿಕ್ಕೆ ಆಗ್ಲಿಲ್ಲವಾ ಮಾರಾಯ? ಈ ಮೀನು ಉಳಿದರೆ ನಾಳೆ ನಾನು ಬೇರೆ ಗಾಡಿ ನೋಡ್ತೇನೆ.”

ಅವನ ಮುಖ ಸಣ್ಣದಾಯಿತು. “ಹಾಗೆ ಹೇಳ್ಬೇಡಿ ಅಕ್ಕ. ನೀವು ಒಮ್ಮೆ ಬೊಬ್ಬೆ ಹಾಕಿ ನೋಡಿ. ತಲೆಯಲ್ಲಿ ಹೊತ್ತುಕೊಂಡು ಹೋಗುವಾಗ ಹಾಕ್ತಿದ್ದಿರಲ್ಲ?”

ಹೊತ್ತು ನಡೆಯುವುದು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಇಳಿಜಾರಿನಲ್ಲಿ ತಲೆ ಹೊರಗೆ ಹಾಕಿ ಕೂಗಿದೆ. “ಮೀನೇ... ಬೂತಾಯಿ ಮೀನೇ!” ಮೊದಲನೆಯದು ಕೋಳಿಯ ಕತ್ತು ಹಿಸುಕಿದ ಹಾಗೆ ಬಂತು. ಅವನು ನಕ್ಕ; ನಾನೂ ನಕ್ಕೆ. ಎರಡನೆಯದು ಎದುರಿನ ಗುಡ್ಡಕ್ಕೇ ಹೋಗಿ ತಾಗಿತು. ಡೀಸೆಲ್ ಗಾಡಿಯಾಗಿದ್ದರೆ ನನ್ನ ಸ್ವರ ಅದರ ಬಡಬಡದಲ್ಲೇ ಮುಳುಗುತ್ತಿತ್ತು. ಈಗ ತೋಡಿನಾಚೆಯ ಮನೆಯವರೂ ಹತ್ತಿ ಬಂದರು. ನನ್ನಿಂದ ಯಾವತ್ತೂ ಮೀನು ಕೊಳ್ಳದವರು.

“ಯಾರಿಗೋ ಎಂತದೋ ಆಯ್ತು ಅಂತ ಓಡಿ ಬಂದದ್ದು ಅಜ್ಜಿ,” ಎಂದಳು ಒಬ್ಬಳು, ಏದುಸಿರು ಬಿಡುತ್ತಾ.

“ಎಂತದೂ ಆಗ್ಲಿಲ್ಲ. ಪಾತ್ರೆ ತಾ.”

ಗುಡ್ಡದ ಬುಡ ತಲುಪುವಾಗ ಬುಟ್ಟಿಯಲ್ಲಿ ಬರೀ ನೀರು. ಅವನು ಮೀಟರ್ ತೋರಿಸಿದ. ಇಳಿಯುವಾಗ ಬ್ರೇಕ್ ಹಿಡಿದದ್ದಕ್ಕೆ ಬ್ಯಾಟರಿ ಸ್ವಲ್ಪ ತುಂಬಿದೆಯಂತೆ. ತುಂಬಲಿ, ನನ್ನ ಗಂಟಲು ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಅದೇ ರಿಕ್ಷಾಕ್ಕೆ ಮೂರು ಬುಟ್ಟಿ ಹತ್ತಿಸಿದೆ.