ಅರವತ್ತನಾಲ್ಕನೆಯ ದಿನ

ಕಾಲೇಜಿನ ಶುಲ್ಕ ವಿಭಾಗದ ಮೂರನೆಯ ಕಿಟಕಿಯಲ್ಲಿ ಇಪ್ಪತ್ತೇಳು ವರ್ಷದಿಂದ ಕೂತಿರುವ ಹೆಂಗಸಿಗೆ ಹುಡುಗರು ಇಟ್ಟ ಹೆಸರು ಫೀಸಕ್ಕ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅರ್ಜಿಗೆ ಪಿನ್ನಿನ ಬದಲು ಗೋಂದು ಹಚ್ಚಿ ತಂದವರಿಗೆ, ಹಸಿರು ಇಂಕಿನಲ್ಲಿ ಬರೆದವರಿಗೆ, ಕಿಟಕಿಯ ಕಟ್ಟೆಯ ಮೇಲೆ ಟೀ ಲೋಟ ಇಟ್ಟವರಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ. ಆದರೂ ಕಾಲೇಜು ಬಿಡುವ ಹುಡುಗರೆಲ್ಲ ಬೇರೆ ಎರಡು ಕಿಟಕಿ ಖಾಲಿ ಇದ್ದರೂ ಅವಳ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಅದಕ್ಕೆ ಕಾರಣವಿತ್ತು.

ನಿಯಮ ಹೀಗಿದೆ: ಒಂದು ಸೆಮಿಸ್ಟರಿಗೆ ನೂರೈದು ದಿನ. ಅದರಲ್ಲಿ ಅರವತ್ತಮೂರು ದಿನ ತುಂಬುವ ಮೊದಲೇ ಕಾಲೇಜು ಬಿಟ್ಟರೆ, ಶುಲ್ಕಕ್ಕೆಂದು ಸಿಕ್ಕ ಸಹಾಯಧನದಲ್ಲಿ ಓದಿದ ದಿನಕ್ಕೆ ತಕ್ಕಷ್ಟು ಮಾತ್ರ ನಿಮ್ಮದು, ಮಿಕ್ಕಿದ್ದನ್ನು ವಾಪಸು ಕಟ್ಟಬೇಕು. ಅರವತ್ತನಾಲ್ಕನೆಯ ದಿನ ಬಿಟ್ಟರೆ ಒಂದು ಪೈಸೆಯನ್ನೂ ಯಾರೂ ಕೇಳುವಂತಿಲ್ಲ. ಇದನ್ನು ಮಾಡಿದ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲಿ ಯಾರೂ ಅರ್ಧಕ್ಕೆ ಓದು ಬಿಟ್ಟಿರಲಿಕ್ಕಿಲ್ಲ.

ಫೀಸಕ್ಕ ಬಿಟ್ಟಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಪ್ಪನ ಕಾರ್ಖಾನೆ ಮುಚ್ಚಿದಾಗ, ಇಂಥದೇ ಕಿಟಕಿಯಲ್ಲಿ ಅರವತ್ತೆರಡನೆಯ ದಿನ ಅರ್ಜಿ ಕೊಟ್ಟಿದ್ದಳು. ಒಳಗೆ ಕೂತಿದ್ದವನು ಬಾಯಿ ಬಿಡದೆ ಸೀಲು ಹೊಡೆದ. ಎರಡು ದಿನ ತಾಳಮ್ಮ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಬಾಕಿ ತೀರಿಸಲು ಅಪ್ಪ ಮೂರು ವರ್ಷ ರಾತ್ರಿ ಪಾಳಿ ಕಾವಲು ಕೆಲಸ ಮಾಡಿದ. ಮೂರನೆಯ ವರ್ಷದ ಕೊನೆಗೆ ಕೆಮ್ಮು ಹಿಡಿದು ಮಲಗಿದವನು ಮತ್ತೆ ಏಳಲಿಲ್ಲ.

ಆದ್ದರಿಂದಲೇ ಅವಳ ಕುರ್ಚಿಯ ಹಿಂದಿನ ಕ್ಯಾಲೆಂಡರಿನಲ್ಲಿ ಪ್ರತಿ ಸೆಮಿಸ್ಟರಿನ ಅರವತ್ತನಾಲ್ಕನೆಯ ದಿನಕ್ಕೆ ಕೆಂಪು ಸುತ್ತು. ಯಾರೇ ಅರ್ಜಿ ಚಾಚಲಿ, ಅವಳು ಮೊದಲು ನೋಡುವುದು ಮೇಲಿನ ತಾರೀಖು, ಆಮೇಲೆ ತಿರುಗಿ ಆ ಸುತ್ತು. ದಿನ ತುಂಬದಿದ್ದರೆ ಅರ್ಜಿಯನ್ನು ಮಡಚಿ ಕೆಳಗಿನ ಡ್ರಾಯರಿಗೆ ಹಾಕಿ, ಬೈಯುವ ದನಿಯಲ್ಲೇ ಗುಟ್ಟು ಹೇಳುತ್ತಿದ್ದಳು: "ಇನ್ನೂ ಆರು ದಿನ ಕ್ಲಾಸಲ್ಲಿ ಕೂತ್ಕೋ. ಆಮೇಲೆ ಬಾ, ಸೀಲು ಹೊಡೀತೀನಿ. ಯಾರ ಹತ್ರನೂ ಬಾಯಿ ಬಿಡಬೇಡ." ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ಎಷ್ಟು ಮನೆಗಳನ್ನು ಹೀಗೆ ಉಳಿಸಿದಳೋ ಲೆಕ್ಕವಿಲ್ಲ, ಅವಳಿಗೆ ಅದರ ಹೆಮ್ಮೆಯೂ ಸ್ವಲ್ಪ ಜಾಸ್ತಿಯೇ ಇತ್ತು.

ಆ ಹುಡುಗಿ ಬಂದದ್ದು ಐವತ್ತೈದನೆಯ ದಿನ, ಊಟದ ಹೊತ್ತಿಗೆ. ಎರಡನೆಯ ವರ್ಷದವಳು. ಒಂದು ಭುಜಕ್ಕೆ ಬಟ್ಟೆಯ ಚೀಲ, ಇನ್ನೊಂದಕ್ಕೆ ಪುಸ್ತಕದ ಚೀಲ. ಆಗಲೇ ಬಸ್ಸಿಗೆ ಹೊರಟವಳಂತಿದ್ದಳು.

"ಅಮ್ಮಂಗೆ ಹುಷಾರಿಲ್ಲ ಮೇಡಂ. ನೋಡ್ಕೊಳ್ಳೋಕೆ ನಾನೊಬ್ಬಳೇ ಇರೋದು."

ಫೀಸಕ್ಕ ತಾರೀಖು ನೋಡಿದಳು. ತಿರುಗಿ ಕ್ಯಾಲೆಂಡರು ನೋಡಿದಳು. ಅರ್ಜಿಯ ಕೆಳಗೆ 'ಕಾರಣ' ಎಂಬಲ್ಲಿ ಹುಡುಗಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದಳು: ತಾಯಿ ಆಸ್ಪತ್ರೆಯಲ್ಲಿದ್ದಾರೆ. ಹೆಚ್ಚೆಂದರೆ ಹದಿನೈದು ದಿನ ಎಂದು ಡಾಕ್ಟರು ಹೇಳಿದ್ದಾರೆ. ಆ ಎರಡು ಸಾಲನ್ನು ಫೀಸಕ್ಕ ಓದಲಿಲ್ಲ. ಕಾರಣಗಳನ್ನು ಓದುವುದನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತು. ಯಾರ ಕಾರಣವೂ ನಿಯಮವನ್ನು ಬದಲಿಸುವುದಿಲ್ಲ, ಬದಲಿಸುವುದು ತಾರೀಖು ಮಾತ್ರ.

"ಒಂಬತ್ತು ದಿನ ತಡ್ಕೋ ಮಗು," ಎಂದು ಅರ್ಜಿ ಮಡಚಿದಳು. "ಈಗ ಹೋದ್ರೆ ಅರ್ಧಕ್ಕರ್ಧ ವಾಪಸ್ ಕಟ್ಟಬೇಕಾಗತ್ತೆ. ಎಲ್ಲಿಂದ ತರ್ತೀಯ?"

"ಒಂಬತ್ತು ದಿನ ಕಾಯಬಹುದಾ ಮೇಡಂ?"

"ಕಾಯಬಹುದು ಕಣೇ. ನಾನು ಹೇಳ್ತಿಲ್ವಾ? ಒಂದು ದಿನಾನೂ ಕ್ಲಾಸ್ ತಪ್ಪಿಸಬೇಡ, ಹಾಜರಿ ನಿಂತ ದಿನವೇ ಕಾಲೇಜು ಬಿಟ್ಟ ದಿನ ಅಂತ ಲೆಕ್ಕ."

ಹುಡುಗಿ ಬಟ್ಟೆಯ ಚೀಲವನ್ನು ಮತ್ತೆ ಭುಜಕ್ಕೇರಿಸಿಕೊಂಡು ಹಾಸ್ಟೆಲಿನ ಕಡೆ ನಡೆದಳು. ಫೀಸಕ್ಕ ಡಬ್ಬಿ ಬಿಚ್ಚಿ, ಆರಿದ ಅನ್ನವನ್ನು ಖುಷಿಯಾಗಿಯೇ ಉಂಡಳು.

ಅರವತ್ತನಾಲ್ಕನೆಯ ದಿನ ಹುಡುಗಿ ಬರಲಿಲ್ಲ. ಹೆಣ್ಣುಮಕ್ಕಳಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂದು ಫೀಸಕ್ಕ ಪಕ್ಕದ ಕಿಟಕಿಯವನ ಹತ್ತಿರ ಗೊಣಗಿದಳು. ಬಂದದ್ದು ಎಪ್ಪತ್ತೊಂದನೆಯ ದಿನ. ಕೈಯಲ್ಲಿ ಯಾವ ಚೀಲವೂ ಇರಲಿಲ್ಲ.

"ಈಗ ಬಂದ್ಯಾ? ಬಾ, ಎಲ್ಲಾ ಸರಿಯಾಗಿದೆ," ಎಂದು ಫೀಸಕ್ಕ ಡ್ರಾಯರು ಎಳೆದು ಸೀಲು ಕೈಗೆತ್ತಿಕೊಂಡಳು.

"ಸೀಲು ಬೇಡ ಮೇಡಂ. ಅರ್ಜಿ ವಾಪಸ್ ಕೊಡಿ. ನಾನು ಕಾಲೇಜು ಬಿಡಲ್ಲ."

"ಯಾಕೆ? ಅಮ್ಮಂಗೆ ವಾಸಿ ಆಯ್ತಾ?"

ಹುಡುಗಿ ಅವಳನ್ನೇ ನೋಡಿದಳು. "ಅರವತ್ತೊಂದನೇ ದಿನ ಹೋಗ್ಬಿಟ್ರು. ದಿನಾ ಫೋನಲ್ಲಿ ಕೇಳೋರು, ಇನ್ನೆಷ್ಟು ದಿನ ಮಗಳೇ ಅಂತ. ಏಳು ಅಂತಿದ್ದೆ, ಆರು ಅಂತಿದ್ದೆ. ಮೂರು ಅನ್ನೋಕೆ ಫೋನ್ ಮಾಡಿದಾಗ ನರ್ಸ್ ಎತ್ತಿದ್ರು."

ಫೀಸಕ್ಕನ ಕೈಯಲ್ಲಿ ಸೀಲು ಹಾಗೇ ಇತ್ತು. "ಅಷ್ಟು ಜೋರಿದೆ ಅಂತ ನೀನು ಹೇಳ್ಲೇ ಇಲ್ವಲ್ಲಮ್ಮಾ..."

"ಬರೆದಿದ್ನಲ್ಲ ಮೇಡಂ. ನೀವು ಅದನ್ನ ಓದಿಯೇ ಕಾಯಬಹುದು ಅಂದ್ರಿ ಅಂದ್ಕೊಂಡೆ. ಇಂಥದ್ದು ಎಷ್ಟೋ ನೋಡಿರ್ತೀರಿ, ನಿಮಗೆ ಗೊತ್ತಿರತ್ತೆ ಅಂತ."

ಬೈದಿದ್ದರೆ ಫೀಸಕ್ಕ ಬದುಕಿಕೊಳ್ಳುತ್ತಿದ್ದಳು. ಹುಡುಗಿ ಬೈಯಲಿಲ್ಲ. ಮಡಚಿದ ಕಾಗದ ತೆಗೆದುಕೊಂಡು ಕ್ಲಾಸಿಗೆ ಹೋದಳು.

ಮನೆಯಲ್ಲಿ ಗಂಡ, "ನೀನು ಒಳ್ಳೇದಕ್ಕೆ ತಾನೇ ಹೇಳಿದ್ದು," ಎಂದ. "ಹೌದು, ಒಳ್ಳೇದಕ್ಕೇ ಹೇಳಿದೆ," ಎಂದು ಅವಳು ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಕ್ಯಾಲೆಂಡರಿನ ಕೆಂಪು ಸುತ್ತು ಈಗಲೂ ಇದೆ. ಈಚೆಗೆ ಒಬ್ಬ ಹುಡುಗ ಅರವತ್ತೆರಡನೆಯ ದಿನ ಅರ್ಜಿ ತಂದ. ಫೀಸಕ್ಕ ಕೆಳಗಿನ ಸಾಲನ್ನು ಬೆರಳಿಟ್ಟು ಓದಿದಳು: ತಂದೆಗೆ ಸೀರಿಯಸ್. ಎರಡು ದಿನದ ವಿಷಯ ಅವನಿಗೂ ಹೇಳಿದಳು, ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನೂ ಹೇಳಿದಳು.

"ನೀವೇನಂತೀರಿ ಅಕ್ಕಾ? ಎರಡೇ ದಿನ. ಕಾಯಲಾ?"

ಫೀಸಕ್ಕನಿಗೆ ಅಪ್ಪನ ಕೆಮ್ಮು ಕೇಳಿಸಿತು, ಬಟ್ಟೆಯ ಚೀಲ ಹೊತ್ತ ಹುಡುಗಿಯೂ ಕಂಡಳು.

"ನಂಗೊತ್ತಿಲ್ಲ ಮಗು," ಎಂದಳು ಕೊನೆಗೆ. ಆ ಕಿಟಕಿಯಿಂದ ಆ ಮಾತು ಬಂದದ್ದು ಇಪ್ಪತ್ತೇಳು ವರ್ಷದಲ್ಲಿ ಅದೇ ಮೊದಲು.